ಅಳತೆಯ ನೀರು

ಬಾಯಾರಿಕೆಯ ಬಗ್ಗೆ ಹೊಟ್ಟೆ ತುಂಬ ನೀರು ಕುಡಿದವರು ಬುದ್ಧಿ ಹೇಳಬಾರದು. ಆದರೆ ಇಸ್ತ್ರಿಯವನ ಮನೆಯಲ್ಲಿ ಬೆಳಗಾದರೆ ಅದೇ ಬುದ್ಧಿ, ಹಾಸಿಗೆ ಹಾಸುವವರೆಗೂ ಅದೇ ಬುದ್ಧಿ.

ಅವನ ಎರಡೂ ಕಿಡ್ನಿ ಕೆಟ್ಟು ಎಂಟು ತಿಂಗಳಾಗಿತ್ತು. ವಾರಕ್ಕೆ ಮೂರು ಸಲ ದೊಡ್ಡಾಸ್ಪತ್ರೆಯ ಎರಡನೇ ಮಹಡಿಗೆ ಹೋಗಿ, ತೋಳಿಗೆ ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು, ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿ ಬರಬೇಕು. ಬಾಯಿಂದ ಒಳಗೆ ಹೋದ ನೀರು ಹೊರಗೆ ಬರಲು ಅವನ ಮೈಗೆ ಉಳಿದಿದ್ದದ್ದು ಆ ಸೂಜಿಯ ದಾರಿ ಒಂದೇ. ಅದಕ್ಕೇ ಡಾಕ್ಟರು ದಿನಕ್ಕೆ ಮುಕ್ಕಾಲು ಲೀಟರ್ ಎಂದು ಕಟ್ಟುಮಾಡಿದ್ದರು. ಟೀ, ಸಾರು, ಮಾತ್ರೆ ನುಂಗುವ ಗುಟುಕು, ಎಲ್ಲ ಸೇರಿ ಮುಕ್ಕಾಲು ಲೀಟರ್. ಜಾಸ್ತಿಯಾದರೆ ಆ ನೀರು ಮೊದಲು ಕಾಲಿಗೆ ಇಳಿಯುತ್ತದೆ, ಆಮೇಲೆ ಹೊಟ್ಟೆಗೆ, ಕೊನೆಗೆ ಶ್ವಾಸಕೋಶಕ್ಕೆ. ಅಲ್ಲಿಗೆ ಮುಟ್ಟಿದರೆ ಮನುಷ್ಯ ಒಣ ನೆಲದ ಮೇಲೆ ಕೂತೇ ಮುಳುಗಿ ಸಾಯುತ್ತಾನೆ.

ಬೆಳಿಗ್ಗೆ ಆರೂವರೆಗೆ ಮಗಳು ಅಳತೆಯ ಜಗ್ಗಿನಲ್ಲಿ ನೀರು ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಗೆರೆ ನೋಡಿ, ಬಾಟಲಿಗೆ ತುಂಬಿ ಅವನ ಮುಂದೆ ಕುಕ್ಕುತ್ತಿದ್ದಳು. ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವವಳು, ಲೆಕ್ಕದಲ್ಲಿ ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ.

"ಅಪ್ಪಾ, ಇವತ್ತಿಂದು. ನಿನ್ನೆ ಸಂಜೆ ಐದಕ್ಕೇ ಖಾಲಿ ಮಾಡಿ ನನ್ನ ಮುಖ ನೋಡ್ತಾ ಕೂತಿದ್ದೆ. ಇವತ್ತು ಹಾಗೆ ಮಾಡ್ಬೇಡ."

"ನೀನು ನನ್ನ ಮಗಳೋ, ಜೈಲಿನ ಕಾವಲುಗಾರ್ತಿಯೋ?"

"ಜೈಲಲ್ಲಿ ಎಷ್ಟು ಬೇಕಾದ್ರೂ ನೀರು ಕೊಡ್ತಾರೆ. ಹೋಗ್ತೀಯಾ?"

ಮೂಲೆಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದ ಇಸ್ತ್ರಿಯವನ ತಾಯಿಗೆ ಈ ಅಳತೆ ಮೊದಲ ದಿನದಿಂದಲೂ ಗಂಟಲಲ್ಲಿ ಇಳಿದಿರಲಿಲ್ಲ. ಎಪ್ಪತ್ತಾರು ವರ್ಷದ ಮುದುಕಿ, ನಾಲಿಗೆಗೆ ಮಾತ್ರ ಇಪ್ಪತ್ತು.

"ತಣ್ಣೀರಾದ್ರೂ ತಣಿಸಿ ಕುಡಿ ಅಂದಿದ್ರು ದೊಡ್ಡೋರು. ಅಳೆದು ಕುಡಿ ಅಂತ ಯಾವ ಗಾದೇಲೂ ಕೇಳಿಲ್ಲಮ್ಮ ನಾನು."

"ಗಾದೆ ಕಟ್ಟಿದೋರ ಕಿಡ್ನಿ ಚೆನ್ನಾಗಿತ್ತು ಅತ್ತೆ," ಒಳಗಿನಿಂದ ಸೊಸೆ ಅಂದಳು.

ಸೊಸೆ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಏಳಕ್ಕೆ ಮನೆ ಬಿಟ್ಟರೆ ಸಂಜೆ ನಾಲ್ಕಕ್ಕೆ ವಾಪಸು. ಹೋಗುವ ಮುಂಚೆ ತರಕಾರಿಯನ್ನು ಎರಡು ಸಲ ಕುದಿಸಿ ನೀರು ಚೆಲ್ಲಿ, ಉಪ್ಪಿಲ್ಲದ ಪಲ್ಯ ಮಾಡಿ, ಅನ್ನ ಬಸಿದು ಮುಚ್ಚಿಡುತ್ತಿದ್ದಳು. ಅವನೊಬ್ಬನಿಗೇ ಬೇರೆ ಅಡುಗೆ ಮಾಡಲು ಅವಳಿಗೆ ಪುರುಸೊತ್ತಿರಲಿಲ್ಲ. ಆದ್ದರಿಂದ ಎಂಟು ತಿಂಗಳಿಂದ ನಾಲ್ಕೂ ಜನ ಸಪ್ಪೆ ತಿಂದೇ ಬದುಕಿದ್ದರು. ಕೊನೆಗೆ ಇಸ್ತ್ರಿ ಮೇಜಿನ ಕೆಳಗಿನ ಬಕೆಟ್ಟಿಗೆ ನೀರು ತುಂಬಿಸಿಟ್ಟು, ಚಪ್ಪಲಿ ಮೆಟ್ಟಿ ಹೊರಡುವಳು. ಬೀದಿ ಕೊನೆಯ ನಲ್ಲಿಯಿಂದ ಬಕೆಟ್ ಎತ್ತಿ ತರುವ ಶಕ್ತಿ ಗಂಡನಿಗೆ ಉಳಿದಿರಲಿಲ್ಲ.

ಇಸ್ತ್ರಿ ಮೇಜು ಇದ್ದದ್ದು ಮುಂದಿನ ಕೋಣೆಯಲ್ಲಿ. ಮೇಲೆ ತಗಡು. ಹನ್ನೊಂದು ಗಂಟೆಯ ಹೊತ್ತಿಗೆ ಮೇಲಿನ ತಗಡೂ ಕಾಯುತ್ತಿತ್ತು, ಕೈಯಲ್ಲಿರುವ ಪೆಟ್ಟಿಗೆಯೂ ಕಾಯುತ್ತಿತ್ತು, ನಡುವೆ ಅವನು. ಹತ್ತಿಯ ಅಂಗಿಗಳು ಒಣಗಿ ಹಪ್ಪಳವಾಗಿ ಬರುತ್ತಿದ್ದವು. ಅವಕ್ಕೆ ನೀರು ಚಿಮುಕಿಸದೆ ಗೆರೆ ಕೂರುವುದಿಲ್ಲ. ಅದಕ್ಕೊಂದು ಪ್ಲಾಸ್ಟಿಕ್ ಬಾಟಲಿ, ಅದರ ಮೂತಿಯಲ್ಲಿ ಬೆರಳಿಂದ ಒತ್ತುವ ಕುದುರೆ, ಒತ್ತಿದರೆ ತುಂತುರು.

ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಆ ತುಂತುರನ್ನು ಅವನು ನಾಲಿಗೆಯ ಮೇಲೆ ಒಂದು ಸಲ ಬಿಟ್ಟುಕೊಂಡ. ಒಂದೇ ಸಲ. ನಾಲಿಗೆ ಆಗ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು, ಬಿಡಿಸಿದರೆ ಚಪ್ಪಲಿ ಕಿತ್ತ ಹಾಗೆ ಸದ್ದಾಗುತ್ತಿತ್ತು. ಆ ತುಂತುರು ಬಿದ್ದಾಗ ಅವನ ಕಣ್ಣಲ್ಲಿ ನೀರು ಬಂತು. ಲೋಟದಲ್ಲಿ ಕುಡಿದರೆ ತಾನೇ ಕುಡಿದದ್ದು, ಇದು ಬರೀ ಬಾಯಿ ಒದ್ದೆ ಮಾಡಿಕೊಳ್ಳುವುದು ಅಂದುಕೊಂಡ. ತನಗೆ ತಾನೇ ಹೇಳಿಕೊಳ್ಳುವ ಸುಳ್ಳಿಗೆ ಯಾವನೂ ಸಾಕ್ಷಿ ಕೇಳುವುದಿಲ್ಲ. ಮರುದಿನ ಹತ್ತು ಸಲ, ಅದರ ಮರುದಿನ ಲೆಕ್ಕ ಬಿಟ್ಟ. ಈಗ ಅರ್ಧ ಲೀಟರಿನ ಆ ಬಾಟಲಿ ಅಂಗಿಗಳಿಗೆ ಒಂದು, ಅವನಿಗೆ ಎರಡು ಎಂಬಂತೆ ದಿನಾ ತುಂಬಿ ಖಾಲಿಯಾಗುತ್ತಿತ್ತು. ಮುಚ್ಚಳ ತಿರುಚಿ ಕುಡಿಯುತ್ತಿರಲಿಲ್ಲ, ಅಷ್ಟು ಮಾನವಂತ. ತುಂತುರಾಗಿಯೇ ಒಂದು ಲೀಟರ್ ನುಂಗುತ್ತಿದ್ದ.

ತಾಯಿ ಒಳಗೆ ಅಡ್ಡಾಗಿರುತ್ತಿದ್ದಳು. ಚುಸ್ ಚುಸ್ ಎಂಬ ಸದ್ದು ಅವಳಿಗೆ ಮೂವತ್ತು ವರ್ಷದಿಂದ ಗೊತ್ತಿದ್ದ ಸದ್ದು. ಮಗ ಕೆಲಸ ಮಾಡುತ್ತಿದ್ದಾನೆ ಅಂದುಕೊಳ್ಳುತ್ತಿದ್ದಳು.

ಎಲ್ಲರ ಕಣ್ಣಿಗೆ ಮಣ್ಣೆರಚಬಹುದು, ತೂಕದ ಯಂತ್ರಕ್ಕೆ ಎರಚಲಾಗುವುದಿಲ್ಲ. ಆಸ್ಪತ್ರೆಯಲ್ಲಿ ಯಂತ್ರಕ್ಕೆ ಹಾಕುವ ಮುಂಚೆ ತೂಕ. ಅಲ್ಲಿನ ಹಿರಿಯ ನರ್ಸಿಗೆ ರೋಗಿಗಳೆಲ್ಲ ತಕ್ಕಡಿ ಸಿಸ್ಟರ್ ಎಂದೇ ಹೆಸರಿಟ್ಟಿದ್ದರು. ಇಸ್ತ್ರಿಯವನು ಬೆಲ್ಟು ತೆಗೆದ, ಬೀಗದ ಕೈ ತೆಗೆದ, ಚಪ್ಪಲಿ ಬಿಟ್ಟ.

"ಚರ್ಮಾನೂ ಬಿಚ್ಚಿಡಿ, ಇನ್ನೊಂದೆರಡು ಕೆಜಿ ಕಮ್ಮಿ ಆಗ್ಬಹುದು," ಅಂದಳು ಸಿಸ್ಟರ್. "ನಾಲ್ಕು ಕೆಜಿ ಇನ್ನೂರು ಗ್ರಾಂ ಏರಿದೆ. ಎರಡು ದಿನಕ್ಕೆ. ನೀರು ಕುಡಿದ್ರಾ, ಬಾವಿ ನುಂಗಿದ್ರಾ?"

"ಎಲ್ಲ ಅಳತೆ ಪ್ರಕಾರಾನೇ ಸಿಸ್ಟರ್. ಮಗಳನ್ನು ಕೇಳಿ."

"ಮಗಳನ್ನ ಅಲ್ಲ, ನಿಮ್ಮ ಹೃದಯಾನ ಕೇಳ್ಬೇಕು. ಎಷ್ಟು ದಿನ ತಡ್ಕೊಳ್ಳುತ್ತೆ ಅಂತ."

ಅವತ್ತು ಅಷ್ಟು ನೀರನ್ನು ಒಮ್ಮೆಗೇ ಎಳೆದಾಗ ಅವನ ಮೀನಖಂಡಗಳು ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿಕೊಂಡವು. ಹಲ್ಲು ಕಚ್ಚಿ ನರಳಿದ. ಪಕ್ಕದ ಹಾಸಿಗೆಯಲ್ಲಿ ಒಬ್ಬ ಬಸ್ ಕಂಡಕ್ಟರ್. ಒಂಬತ್ತು ವರ್ಷದಿಂದ ಯಂತ್ರಕ್ಕೆ ಬರುತ್ತಿದ್ದವನು, ಒಂದು ದಿನವೂ ಒಂದೂವರೆ ಕೆಜಿ ದಾಟಿದವನಲ್ಲ.

"ಇಸ್ತ್ರಿ ಸಾಹೇಬ್ರೇ, ಬಾಯಾರಿಕೆ ಅಂದ್ರೆ ಟಿಕೆಟ್ ಇಲ್ಲದ ಪ್ಯಾಸೆಂಜರ್. ಗಲಾಟೆ ಮಾಡ್ತಾನೆ, ಬೈತಾನೆ, ಸೀಟು ಬಿಡಲ್ಲ ಅಂತಾನೆ. ಹತ್ತು ಸ್ಟಾಪ್ ಸುಮ್ನೆ ನಿಂತಿರಿ. ತಾನೇ ಇಳಿದು ಹೋಗ್ತಾನೆ."

"ನಿಮ್ಮದು ಗವರ್ನಮೆಂಟ್ ಬಸ್ಸು, ಎಲ್ಲ ಇಳೀತಾರೆ. ನಂದು ಲಾರಿ. ಹತ್ತಿದೋರು ಇಳಿಯಲ್ಲ."

ಕಂಡಕ್ಟರ್ ನಕ್ಕ. ಇಸ್ತ್ರಿಯವನು ನಗುವ ಹೊತ್ತಿಗೆ ಮತ್ತೆ ಕಾಲು ಹಿಂಡಿತು.

ಸಿಸ್ಟರ್ ಸುಮ್ಮನಿರಲಿಲ್ಲ. ಹೆಂಡತಿಗೆ ಫೋನ್ ಮಾಡಿ ಹೇಳಿದಳು. ಮನೆಯಲ್ಲಿ ಯಾರೋ ನೀರು ಕೊಡ್ತಿದ್ದಾರೆ ನೋಡಿ, ಹೀಗೇ ಆದರೆ ಒಂದು ದಿನ ಇಲ್ಲಿಗೆ ಬರೋದರೊಳಗೆ ಮುಗಿದುಹೋಗುತ್ತೆ ಎಂದಳು.

ಅವತ್ತಿನ ರಾತ್ರಿ ಊಟಕ್ಕೆ ನಾಲ್ವರೂ ಕೂತಿದ್ದರು. ಹೆಂಡತಿ ಬಡಿಸುವುದನ್ನು ನಿಲ್ಲಿಸಿ ಸೌಟು ಪಾತ್ರೆಯೊಳಗೆ ಬಿಟ್ಟಳು.

"ಅತ್ತೆ, ಒಂದು ಮಾತು ಕೇಳ್ತೀನಿ. ಬೇಜಾರು ಮಾಡ್ಕೋಬೇಡಿ."

"ಬೇಜಾರಾಗೋ ಮಾತೇ ಇರ್ಬೇಕು. ಇಲ್ಲಾಂದ್ರೆ ನೀನು ಇಷ್ಟು ನಯವಾಗಿ ಕೇಳೋ ಪೈಕಿ ಅಲ್ಲ."

"ಇವರಿಗೆ ನೀವು ನೀರು ಕೊಡ್ತಿದ್ದೀರಾ?"

ಮುದುಕಿ ತುತ್ತನ್ನು ತಟ್ಟೆಗೆ ಹಾಕಿದಳು. "ಏನಂದೆ?"

"ಮೊದಲನೇ ತಿಂಗಳು ಒಂದು ಬಟ್ಟಲು ಕಲ್ಲಂಗಡಿ ಹಣ್ಣು ತಿನ್ಸಿದ್ರಿ. ತಿನ್ನೋದು ತಾನೇ, ಕುಡಿಯೋದಲ್ವಲ್ಲ ಅಂದ್ರಿ."

"ಹೌದು, ತಿನ್ಸಿದೆ. ಆಗ ಗೊತ್ತಿರ್ಲಿಲ್ಲ. ನೀನು ಬೈದೆ, ಬೈಸ್ಕೊಂಡೆ. ಆಮೇಲೆ ಒಂದು ಹನಿ ಕೊಟ್ಟಿದ್ರೆ ನನ್ನ ಬಾಯಿಗೆ ಹುಳ ಬೀಳ್ಲಿ."

"ಹಗಲು ಹೊತ್ತು ಮನೇಲಿ ಇರೋದು ನೀವಿಬ್ರೇ. ನಾನು ಏಳಕ್ಕೆ ಹೋಗ್ತೀನಿ, ಇವಳು ಒಂಬತ್ತಕ್ಕೆ. ನೀರೇನು ಗೋಡೆಯಿಂದ ಜಿನುಗುತ್ತಾ?"

"ಅಮ್ಮಾ, ಸಾಕು," ಅಂದಳು ಮಗಳು.

"ಏನು ಸಾಕು? ನಾಳೆ ಇವರು ಉಸಿರು ಕಟ್ಟಿ ಬಿದ್ರೆ ಎತ್ತೋದು ಯಾರು? ಪ್ರೀತಿಯಿಂದ ಸಾಯಿಸ್ತಿದ್ದಾರೆ ಅಂತ ಹೇಳ್ಲೂಬಾರ್ದಾ?"

ಮುದುಕಿ ಮಗನ ಕಡೆ ತಿರುಗಿದಳು. "ಹೇಳೋ. ಕೊಟ್ಟಿದ್ದೀನೇನೋ ನಾನು?"

ಅವನು ಅನ್ನ ಕಲಸುತ್ತಿದ್ದ. ಇಲ್ಲ ಎನ್ನುವುದಕ್ಕೆ ಒಂದು ಉಸಿರು ಸಾಕು. ಇಲ್ಲ ಅಂದರೆ ಮುಂದಿನ ಪ್ರಶ್ನೆ ಬರುತ್ತದೆ: ಹಾಗಾದರೆ ಯಾರು? ಅವನು ಕಲಸುತ್ತಲೇ ಇದ್ದ.

"ಊಟಕ್ಕೆ ಕೂತಾಗ ಬೇಡ ಈ ಮಾತು," ಅಂದ.

ಕೊಟ್ಟಳು ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಕೊಟ್ಟಿದ್ದಾಳೆ ಎಂದೇ ಹೆಂಡತಿ ತಿಳಿದಳು, ಮಗಳೂ ತಿಳಿದಳು. ಹಾಗೆ ತಿಳಿಯುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಆ ಮಾತು ಆಡಿದ, ಹೇಡಿ.

ಮುದುಕಿ ತಟ್ಟೆ ಸರಿಸಿ ಎದ್ದಳು.

ಮರುದಿನ ಮಗಳು ಜಗ್ಗು ಹಿಡಿದು ನಿಂತಾಗ ಅಜ್ಜಿ ಇನ್ನೊಂದು ಖಾಲಿ ಬಾಟಲಿ ತಂದು ಅವಳ ಮುಂದಿಟ್ಟಳು.

"ನನಗೂ ಅಳೆದು ಕೊಡು. ಅವನಿಗೆ ಎಷ್ಟೋ ಅಷ್ಟೇ."

"ನಿನಗ್ಯಾಕಜ್ಜಿ?"

"ಅವನು ಕುಡಿದಷ್ಟೇ ಇನ್ಮೇಲೆ ನಾನೂ ಕುಡಿಯೋದು. ನನ್ನ ಬಾಯಿಗೇ ಇಲ್ಲದ್ದನ್ನ ಇನ್ನೊಬ್ಬರ ಬಾಯಿಗೆ ಎಲ್ಲಿಂದ ಹಾಕ್ಲಿ? ನಿಮ್ಮಮ್ಮ ನೋಡ್ಲಿ, ಸಂಜೆ ಬಂದು ಎರಡೂ ಬಾಟಲಿ ಅಳೀಲಿ."

"ನಾಟಕ ಬೇಡ ಅತ್ತೆ," ಅಂದಳು ಸೊಸೆ, ಬಕೆಟ್ ಎತ್ತಿಕೊಂಡು ಒಳಗೆ ಬರುತ್ತ. "ಬೇಸಿಗೆ. ನೀವು ಬಿಪಿ ಮಾತ್ರೆ ಬೇರೆ ತಗೊಳ್ಳೋರು."

"ನಾಟಕಾನೋ ಅಲ್ವೋ, ನೋಡ್ತಿರು."

ಎರಡು ದಿನಕ್ಕೆ ಬಿಡುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ಆ ಮನೆಯ ಹಟ ಎಂಥದ್ದು ಎಂದು ಆ ಮನೆಯವರೇ ಮರೆತಿದ್ದರು. ಕಿಟಕಿಯ ಕಟ್ಟೆಯ ಮೇಲೆ ಎರಡು ಬಾಟಲಿ ಪಕ್ಕಪಕ್ಕ ಕೂತವು. ಮುದುಕಿ ಒಂದೊಂದು ಗುಟುಕಿಗೂ ಮಗನ ಬಾಟಲಿ ನೋಡುತ್ತಿದ್ದಳು. ಅವನದು ಎಷ್ಟು ಇಳಿದಿದೆಯೋ ಅಷ್ಟಕ್ಕೇ ತನ್ನದನ್ನು ಇಳಿಸಿ ಮುಚ್ಚಳ ಹಾಕುತ್ತಿದ್ದಳು. ನಾಲ್ಕನೇ ದಿನಕ್ಕೆ ಟೀ ಬಿಟ್ಟಳು. ಟೀ ಕುಡಿದರೆ ಅಳತೆಗೆ ಸೇರುತ್ತದೆ, ಮಾತ್ರೆಗೆ ನೀರು ಸಾಲುವುದಿಲ್ಲ ಎಂಬ ಲೆಕ್ಕ ಅವಳದು. ಆ ಮಾತ್ರೆಯೋ, ಮೈಯಲ್ಲಿದ್ದ ನೀರನ್ನೂ ಬಚ್ಚಲಿಗೆ ಓಡಿಸುವ ಮಾತ್ರೆ.

ಮೊದಲ ಮೂರು ದಿನ ಇಸ್ತ್ರಿಯವನು ತುಂತುರು ಬಾಟಲಿಯನ್ನು ಅಂಗಿಗೆ ಬಿಟ್ಟು ಬೇರೆ ಕಡೆ ತಿರುಗಿಸಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ಒಂದು ಹಾಸ್ಟೆಲಿನ ನಲವತ್ತು ಹಾಸಿಗೆ ಹೊದಿಕೆ ಬಂದವು. ಇಪ್ಪತ್ತನೆಯದಕ್ಕೆ ಕಣ್ಣಿಗೆ ಕತ್ತಲೆ ಬಂದಂತಾಯಿತು. ಒಂದೇ ಒಂದು ಸಲ ಅಂದುಕೊಂಡು ಬಾಯಿ ತೆರೆದ. ಆ ವಾರ ಏರಿದ ತೂಕ ಮೂರೂ ಮುಕ್ಕಾಲು ಕೆಜಿ.

"ಈಗೇನಂತೀರಿ ಅತ್ತೆ?" ಅಂದಳು ಸೊಸೆ. ಆದರೆ ಅವಳ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. ಎರಡೂ ಬಾಟಲಿಗಳನ್ನು ಅವಳೇ ದಿನಾ ಸಂಜೆ ನೋಡುತ್ತಿದ್ದಳು.

"ನನ್ನ ಕೇಳ್ಬೇಡ. ನನ್ನ ತುಟಿ ನೋಡು," ಅಂದಳು ಮುದುಕಿ. ತುಟಿ ಕೆರೆಯ ತಳದ ಮಣ್ಣಿನಂತೆ ಸೀಳಿತ್ತು.

ಒಂಬತ್ತನೇ ದಿನ ಅವಳು ಮಗನ ಎದುರು ಕೂತು, ಇಸ್ತ್ರಿಯಾದ ಅಂಗಿಗಳನ್ನು ಮಡಿಸಿ ಕಾಗದ ಸುತ್ತುತ್ತಿದ್ದಳು. ಬೆರಳು ತಡವರಿಸುತ್ತಿತ್ತು. ಒಂದೇ ಅಂಗಿಯನ್ನು ಎರಡು ಸಲ ಬಿಚ್ಚಿ ಎರಡು ಸಲ ಮಡಿಸಿದಳು.

"ಅಮ್ಮಾ, ಸಾಕು ಬಿಡು. ಹೊಟ್ಟೆ ತುಂಬ ನೀರು ಕುಡಿ."

"ಅವಳಿಗೆ ನೀನು ಹೇಳು. ಅಮ್ಮ ಕೊಟ್ಟಿಲ್ಲ ಅಂತ ಒಂದು ಮಾತು. ಆಮೇಲೆ ಕುಡೀತೀನಿ."

"ಹೇಳ್ತೀನಿ."

"ಯಾವಾಗ?"

"ಸಂಜೆ ಬರ್ಲಿ."

ಸಂಜೆ ಹೆಂಡತಿ ಬಂದಳು. ಕುದಿಯುವ ಎಣ್ಣೆ ಸಿಡಿದು ಮುಂಗೈ ಸುಟ್ಟುಕೊಂಡಿದ್ದಳು, ಮೇಲ್ವಿಚಾರಕನ ಹತ್ತಿರ ಬೈಸಿಕೊಂಡೂ ಬಂದಿದ್ದಳು. ಇವತ್ತು ಬೇಡ, ನಾಳೆ ಹೇಳೋಣ ಅಂದುಕೊಂಡ. ನಾಳೆ ಎಂಬುದು ಅವನಿಗೆ ತುಂತುರು ಬಾಟಲಿಯಷ್ಟೇ ಕೈಗೆಟಕುವ ವಸ್ತು. ಮುದುಕಿ ಮೂಲೆಯಿಂದ ಅವನನ್ನೇ ನೋಡುತ್ತ ಕೂತಿದ್ದಳು. ಅವನು ಅವಳ ಕಡೆ ತಿರುಗದೆ ಮಲಗಿದ.

ಹನ್ನೆರಡನೇ ದಿನ ಮಧ್ಯಾಹ್ನ ಎರಡು ಗಂಟೆಗೆ ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಮುದುಕಿ ಒಲೆಯ ಮುಂದೆ ಮಗ್ಗುಲಾಗಿ ಬಿದ್ದಿದ್ದಳು. ಬಾಯಿ ಒಂದು ಕಡೆ ಎಳೆದಿತ್ತು. ಕರೆದರೆ ಕಣ್ಣು ಬಿಟ್ಟಳು, ನೋಡಿದ್ದು ಮಾತ್ರ ಯಾರನ್ನೋ. ಎತ್ತಲು ಹೋದ, ಅವನ ಕೈಯಲ್ಲಿ ಆಗಲಿಲ್ಲ. ಬೀದಿಗೆ ಬಂದು ಕೂಗಿದ. ಎದುರುಮನೆಯ ಆಟೋದವನು ಇಲ್ಲದಿದ್ದರೆ ಅಲ್ಲೇ ಮುಗಿಯುತ್ತಿತ್ತು.

"ಮೈಯಲ್ಲಿ ನೀರೇ ಇಲ್ಲ ಕಣ್ರೀ," ಅಂದರು ಡಾಕ್ಟರು. "ರಕ್ತ ಗಟ್ಟಿಯಾಗಿ ಮೆದುಳಿಗೆ ಹೊಡೆದಿದೆ. ಮನೇಲಿ ಯಾರೂ ನೋಡ್ಲಿಲ್ವಾ?"

ಮರುದಿನ ಅವನ ಯಂತ್ರದ ದಿನ. ಅದೇ ಆಸ್ಪತ್ರೆ. ಎರಡನೇ ಮಹಡಿಯಲ್ಲಿ ಮಗನ ತೋಳಿನಿಂದ ಯಂತ್ರ ಮೂರೂವರೆ ಲೀಟರ್ ನೀರು ಎಳೆಯುತ್ತಿತ್ತು. ಕೆಳಗಡೆ ತಾಯಿಯ ತೋಳಿಗೆ ಹನಿಹನಿಯಾಗಿ ನೀರು ಇಳಿಸುತ್ತಿದ್ದರು. ಹೆಂಡತಿ ಕೆಲಸಕ್ಕೆ ರಜೆ ಹಾಕಿ ಎರಡೂ ಮಹಡಿಯ ನಡುವೆ ಹತ್ತಿ ಇಳಿಯುತ್ತಿದ್ದಳು. ಮೂರನೇ ಸಲ ಮೇಲೆ ಬಂದು ಅವನ ಹಾಸಿಗೆಯ ಪಕ್ಕ ನಿಂತಾಗ ಅವಳ ಕಣ್ಣು ಕೆಂಪಾಗಿತ್ತು.

"ನನ್ನಿಂದಾನೇ ಆಯ್ತು," ಅಂದಳು. "ಅಷ್ಟು ಜೋರಾಗಿ ಅನ್ನಬಾರದಿತ್ತು ನಾನು."

ಇಸ್ತ್ರಿಯವನು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತ ಅಂದ, "ಅಮ್ಮ ಕೊಟ್ಟಿಲ್ಲ."

"ಅದು ಈಗ ನನಗೂ ಗೊತ್ತಾಯ್ತು. ಮತ್ತೆ ಯಾರು?"

"ಇಸ್ತ್ರಿ ಬಾಟಲಿ."

ಅವಳಿಗೆ ತಕ್ಷಣ ತಿಳಿಯಲಿಲ್ಲ. ಅವನು ಸೂಜಿಯಿಲ್ಲದ ಕೈಯೆತ್ತಿ, ಬಾಯಿಯ ಹತ್ತಿರ ತಂದು, ಬೆರಳು ಒತ್ತಿ ತೋರಿಸಿದ. ಅವಳು ಆ ಬೆರಳನ್ನೇ ನೋಡಿದಳು.

"ಎಷ್ಟು ದಿನದಿಂದ?"

"ಮೂರು ತಿಂಗಳು."

"ಆ ಬಕೆಟ್ ದಿನಾ ತುಂಬಿಸಿಟ್ಟಿದ್ದು ನಾನು," ಅಂದಳು. ಮತ್ತೆ ಅದನ್ನೇ ಅಂದಳು. "ನಾನೇ ತುಂಬಿಸಿಟ್ಟು ಹೋಗ್ತಿದ್ದೆ."

"ಇನ್ನು ಮುಟ್ಟಲ್ಲ. ಅಮ್ಮನ ಆಣೆ."

"ಬಾಯ್ಮುಚ್ರಿ!" ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಇನ್ನೂ ಅವರ ಮೇಲೇ ಹಾಕ್ತೀರಾ? ಬಿದ್ದಿರೋರ ಮೇಲೆ ಆಣೆ ಇಡ್ತೀರಾ? ನೀವು ಬೇಕಾದ್ರೆ ಬದುಕಿ, ಬೇಡಾದ್ರೆ ಆ ಬಕೆಟ್ಟಲ್ಲೇ ಮುಳುಗಿ ಸಾಯಿರಿ. ನಮ್ಮ ಯಾರ ಹೆಸರೂ ಎತ್ತಬೇಡಿ."

ಅಷ್ಟು ಹೇಳಿ ಕೆಳಗೆ ಹೋದಳು. ಅವತ್ತಿನಿಂದ ಅವನ ಜೊತೆ ಮಾತು ಬಿಟ್ಟಳು. ತಟ್ಟೆ ಇಡುವಳು, ಮಾತ್ರೆ ಇಡುವಳು, ಬಟ್ಟೆ ಒಗೆಯುವಳು, ಬಕೆಟ್ಟೂ ತುಂಬಿಸಿಡುವಳು. ಮಾತಿಲ್ಲ.

ಪಕ್ಕದ ಹಾಸಿಗೆಯ ಕಂಡಕ್ಟರ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಯಂತ್ರ ಮುಗಿಯುವ ಹೊತ್ತಿಗೆ, ತಮಾಷೆಯಿಲ್ಲದ ದನಿಯಲ್ಲಿ ಅಂದ:

"ನಿಮ್ಮ ಯಜಮಾನಿ ಹೇಳಿದ್ದು ಸರಿ. ನಾನು ಒಂಬತ್ತು ವರ್ಷದಲ್ಲಿ ಯಾರ ಮೇಲೂ ಆಣೆ ಇಟ್ಟಿಲ್ಲ. ಹೆಂಡತಿಗೋಸ್ಕರ ಬಿಡ್ತೀನಿ ಅಂದ್ರೆ, ಅವಳ ಮೇಲೆ ಸಿಟ್ಟು ಬಂದ ದಿನ ಕುಡೀಬಹುದು. ಮಕ್ಕಳಿಗೋಸ್ಕರ ಅಂದ್ರೆ, ಅವರು ಎದುರುತ್ತರ ಕೊಟ್ಟ ದಿನ ಕುಡೀಬಹುದು. ನನ್ನ ಮೈ ನನಗೆ ಬೇಕು, ಅಷ್ಟೇ. ಇದಕ್ಕೆ ಚಾಕರಿ ಮಾಡೋನು ನಾನೊಬ್ಬನೇ. ನಾನು ರಜೆ ಹಾಕಿದ್ರೆ ಬದಲಿ ಆಳಿಲ್ಲ."

"ನನ್ನ ಮೈ ನನಗೆ ಬೇಕಾ ಅನ್ನೋದೇ ಗೊತ್ತಾಗ್ತಿಲ್ಲ ಈಗ," ಅಂದ ಇಸ್ತ್ರಿಯವನು.

"ಗೊತ್ತಾಗೋವರೆಗೂ ಬಾಯಿ ಮುಚ್ಕೊಂಡಿರಿ. ಸತ್ತ ಮೇಲೆ ಗೊತ್ತಾದ್ರೆ ಉಪಯೋಗ ಇಲ್ಲ."

ಒಂಬತ್ತು ದಿನದ ಮೇಲೆ ಮುದುಕಿಯನ್ನು ಮನೆಗೆ ತಂದರು. ಎಡಗೈ, ಎಡಗಾಲು ಬಿದ್ದುಹೋಗಿದ್ದವು. ನೆನಪು ಹರಿದ ಬಟ್ಟೆಯ ಹಾಗೆ, ಒಂದು ಕಡೆ ಗಟ್ಟಿ, ಒಂದು ಕಡೆ ತೂತು. ಸತ್ತು ಹತ್ತು ವರ್ಷವಾದ ಗಂಡನಿಗೆ ಊಟ ಆಯ್ತಾ ಎಂದು ಕೇಳುವಳು. ಮೊಮ್ಮಗಳನ್ನು ಯಾವುದೋ ತಂಗಿ ಅಂದುಕೊಳ್ಳುವಳು. ಸೊಸೆಯ ಮೇಲಿನ ಸಿಟ್ಟು, ಊಟದ ಹೊತ್ತಿನ ಜಗಳ, ಎಲ್ಲ ಅಳಿಸಿಹೋಗಿತ್ತು. ಅಳಿಯದೆ ಉಳಿದದ್ದು ಅವಳ ಹಟ ಒಂದೇ.

ದಿನಕ್ಕೆ ಎಂಟು ಲೋಟ ನೀರು ಕುಡಿಸಲೇಬೇಕು, ಇಲ್ಲದಿದ್ದರೆ ಇನ್ನೊಂದು ಸಲ ಹೊಡೆಯುತ್ತದೆ, ಆಗ ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮೊದಲ ದಿನ ಮೊಮ್ಮಗಳು ಲೋಟ ಹಿಡಿದಳು. ಮುದುಕಿ ತುಟಿ ಬಿಗಿದಳು.

"ಅವನು ಕುಡಿದ್ನಾ?"

"ಕುಡಿದ್ರು ಅಜ್ಜಿ."

"ಸುಳ್ಳು. ಅವನು ಕುಡಿದಷ್ಟೇ ನಾನು."

ಸೊಸೆ ಕೈಮುಗಿದು ಕೇಳಿದಳು, ಬೈದಳು, ಮೂಗು ಹಿಡಿದು ಚಮಚದಲ್ಲಿ ಹಾಕಿದಳು. ಹಾಕಿದ್ದು ಹೊರಗೆ ಬಂದು ಕುತ್ತಿಗೆಗೆ ಇಳಿಯಿತು. ಕೊನೆಗೆ ಇಬ್ಬರೂ ಕೆಲಸಕ್ಕೆ ಹೋಗಬೇಕಾದವರು. ಹಗಲು ಹೊತ್ತು ಮನೆಯಲ್ಲಿ ಉಳಿಯುವವರು ಮೊದಲಿನ ಹಾಗೆ ಅವರಿಬ್ಬರೇ.

ಮೊದಲ ಮಧ್ಯಾಹ್ನ ಇಸ್ತ್ರಿಯವನು ಪೆಟ್ಟಿಗೆಯನ್ನು ನಿಲ್ಲಿಸಿಟ್ಟು, ತಾಯಿಯ ಮಂಚದ ಪಕ್ಕ ಕೂತ.

"ಅಮ್ಮಾ, ಕೇಳು. ನಾನೇ ಕದ್ದು ಕುಡೀತಿದ್ದೆ. ನಿನ್ನದೇನೂ ತಪ್ಪಿಲ್ಲ. ಈಗ ಕುಡಿ."

"ಯಾರು ಕದ್ದಿದ್ದು?"

"ನಾನು. ನಿನ್ನ ಮಗ."

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನನ್ನ ಮಗ ಅಂಥ ಕೆಲಸ ಮಾಡೋನಲ್ಲ," ಅಂದಳು. "ಬೇರೆಯವರ ಮಕ್ಕಳ ಮೇಲೆ ಹಾಗೆಲ್ಲ ಹೇಳ್ಬೇಡಪ್ಪ."

ಅವನು ಎದ್ದುಹೋಗಿ ಕಿಟಕಿಯ ಕಟ್ಟೆಯಿಂದ ತನ್ನ ಬಾಟಲಿ ತಂದ. ಅವಳ ಕಣ್ಣೆದುರು ಒಂದು ಗುಟುಕು ಬಾಯಿಗೆ ಹಾಕಿಕೊಂಡ. ಆ ಬಾಟಲಿಯ ಗುರುತು ಅವಳಿಗೆ ಉಳಿದಿತ್ತು, ಅವನ ಗಂಟಲನ್ನೇ ನೋಡುತ್ತಿದ್ದಳು.

"ನುಂಗಿದ್ಯಾ?"

"ನುಂಗಿದೆ."

"ಆ ಅನ್ನು."

ಐವತ್ತೆರಡು ವರ್ಷದ ಗಂಡಸು ಬಾಯಿ ತೆರೆದು ತೋರಿಸಿದ. ಆಗ ಅವಳು ಲೋಟಕ್ಕೆ ತುಟಿ ಕೊಟ್ಟಳು. ಅವನ ಗುಟುಕು ಎಷ್ಟು ದೊಡ್ಡದು ಎಂಬ ಲೆಕ್ಕ ಅವಳ ತಲೆಯಿಂದ ಹೋಗಿತ್ತು. ಅವನು ಕುಡಿದ, ನಾನು ಕುಡಿಯಬಹುದು, ಅಷ್ಟೇ ಉಳಿದಿತ್ತು. ಅವನ ಒಂದು ಗುಟುಕಿಗೆ ಅವಳು ಒಂದು ಲೋಟ ಪೂರ್ತಿ ಕುಡಿದಳು.

ಹೀಗೆ ಇಸ್ತ್ರಿಯವನ ದಿನ ಎಂಟು ಭಾಗವಾಯಿತು. ಬೆಳಿಗ್ಗೆಯೇ ಬಾಟಲಿ ಖಾಲಿ ಮಾಡಿಕೊಂಡರೆ ಸಂಜೆ ತಾಯಿಗೆ ನೀರಿಲ್ಲ. ಟೀ ಬಿಟ್ಟ, ಸಾರು ಬಿಟ್ಟ, ಮಾತ್ರೆಗಳನ್ನು ಅನ್ನದ ತುತ್ತಿನೊಳಗೆ ಇಟ್ಟು ನುಂಗಲು ಕಲಿತ. ತುಂತುರು ಬಾಟಲಿ ಎಲ್ಲಿತ್ತೋ ಅಲ್ಲೇ ಇತ್ತು. ಅದನ್ನು ಎಸೆದರೆ ಅಂಗಿಗೆ ಗೆರೆ ಕೂರುವುದಿಲ್ಲ, ಹೊಟ್ಟೆ ತುಂಬುವುದಿಲ್ಲ. ದಿನಕ್ಕೆ ಇನ್ನೂರು ಸಲ ಅದನ್ನು ಕೈಗೆತ್ತಿಕೊಳ್ಳಬೇಕು, ಇನ್ನೂರು ಸಲ ಕೆಳಗಿಡಬೇಕು. ಒಂದು ದಿನ ಅದರ ಮೂತಿ ತುಟಿಯವರೆಗೂ ಬಂತು. ಕಣ್ಣು ಮುಚ್ಚಿ ಬೀದಿಯಲ್ಲಿ ಹೋಗುವ ಗಾಡಿಗಳ ಸದ್ದು ಎಣಿಸಿದ. ಹತ್ತಕ್ಕೆ ಇಳಿಯಲಿಲ್ಲ ಆ ಟಿಕೆಟ್ ಇಲ್ಲದವನು. ಮೂವತ್ತೆಂಟನೇ ಗಾಡಿಗೆ ಇಳಿದ. ಅದು ಅಮ್ಮನಿಗೋಸ್ಕರವೂ ಅಲ್ಲ, ಮಾತು ಬಿಟ್ಟ ಹೆಂಡತಿಗೆ ತೋರಿಸಲೂ ಅಲ್ಲ. ಅವತ್ತು ಬೆಳಿಗ್ಗೆ ಎದ್ದಾಗ ಕಾಲಿನ ಬಾವು ಇಳಿದಿತ್ತು, ತಿಂಗಳುಗಳ ಮೇಲೆ ಪಾದದ ಮೂಳೆ ಕಂಡಿತ್ತು. ತನ್ನದೇ ಕಾಲು, ಗುರುತು ಸಿಕ್ಕಿತ್ತು. ಅದನ್ನು ಮತ್ತೆ ಮುಳುಗಿಸಲು ಮನಸ್ಸು ಬರಲಿಲ್ಲ.

ತಕ್ಕಡಿ ಸಿಸ್ಟರ್ ಎರಡು ಸಲ ತೂಕ ಮಾಡಿದಳು. "ಒಂದು ಕೆಜಿ ನಾನೂರು. ಏನ್ರೀ, ತಕ್ಕಡಿ ಕೆಟ್ಟಿದ್ಯಾ?"

"ತಕ್ಕಡಿ ಸರಿಯಾಗೇ ಇದೆ ಸಿಸ್ಟರ್."

"ಮನೇಲಿ ಹೇಳಿ, ಖುಷಿ ಪಡ್ತಾರೆ."

ಅವನು ಹೇಳಲಿಲ್ಲ. ಖುಷಿಪಡುವ ಮನೆ ಅದಾಗಿ ಉಳಿದಿರಲಿಲ್ಲ. ಮುದುಕಿಗೆ ಬೆನ್ನಲ್ಲಿ ಹುಣ್ಣಾಗತೊಡಗಿತ್ತು. ಇನ್ನೆಷ್ಟು ದಿನವೋ ಎಂದು ಡಾಕ್ಟರು ಮಗಳನ್ನು ಪಕ್ಕಕ್ಕೆ ಕರೆದು ಅಂದಿದ್ದರು.

ಅದಾದ ವಾರ ಒಂದು ದಿನ ಸಂಜೆ ಐದಕ್ಕೆ ಹೆಂಡತಿ ಕೆಲಸದಿಂದ ತಡವಾಗಿ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಳು. ಗಂಡ ಮಂಚದ ಪಕ್ಕ ಮೊಣಕಾಲೂರಿ ಕೂತು, ಬಾಯಿ ತೆರೆದು ತಾಯಿಗೆ ತೋರಿಸುತ್ತಿದ್ದ. ನಾಲಿಗೆ ಬೆಳ್ಳಗೆ ಒಣಗಿ, ಅಂಚುಗಳಲ್ಲಿ ಬಿರುಕು ಬಿಟ್ಟಿತ್ತು. ಮುದುಕಿ ಸಮಾಧಾನವಾದಂತೆ ತಲೆಯಾಡಿಸಿ ಲೋಟ ತೆಗೆದುಕೊಂಡಳು. ಗಟಗಟ ಎಂದು ಕುಡಿದಳು. ಅವಳ ಗಂಟಲು ಏರಿಳಿಯುವುದನ್ನು ಇಸ್ತ್ರಿಯವನು ರೆಪ್ಪೆ ಮಿಟುಕಿಸದೆ ನೋಡಿದ. ಕೊನೆಗೆ ತನ್ನ ಅಂಗಿಯ ತುದಿಯಿಂದ ಅವಳ ಗಲ್ಲ ಒರೆಸಿದ.

ಹೆಂಡತಿ ಒಳಗೆ ಹೋಗಲಿಲ್ಲ. ಇಪ್ಪತ್ತಾರು ದಿನದ ಮೇಲೆ ಮೊದಲ ಸಲ ಬಾಯಿ ಬಿಟ್ಟಳು.

"ಎಷ್ಟಾಯ್ತು?"

"ಆರು."

"ಯಾರದ್ದು?"

"ಇಬ್ಬರದ್ದೂ."

ಅವಳು ಅವನ ಕೈಯಿಂದ ಖಾಲಿ ಲೋಟ ತೆಗೆದುಕೊಂಡು, ಏಳನೆಯದನ್ನು ತುಂಬಿಸಲು ಒಳಗೆ ಹೋದಳು.